ಕಲೆ

ನಜರ್‌ಬಾದಿನ ಹಳೇ ಹಾಸ್ಟೆಲಿನಲ್ಲಿ
ಐದು ದಿನದ ತರಬೇತಿ.
ಗೋಡೆಗೆ ನಾನೇ ಬರೆದು ಅಂಟಿಸಿದ ಚಾರ್ಟು,
ಹಸಿರು ಸ್ಕೆಚ್ಚಿನಲ್ಲಿ: ನಂಬಿಕೆ.
ಮೊದಲ ದಿನವೇ ಯಾರೋ ಅದರ ಸೊನ್ನೆಯೊಳಗೆ
ಎರಡು ಕಣ್ಣು, ಒಂದು ಬಾಯಿ ಬರೆದಿದ್ದರು.

ಇಪ್ಪತ್ತಮೂರು ಜನ. ಊಟಕ್ಕೆ ಕೂತರೆ ನಾಲ್ಕು ಪಂಕ್ತಿ:
ಉದಯಗಿರಿಯವರು ಕಿಟಕಿಯ ಪಕ್ಕ,
ಮದ್ದೂರು ಕಡೆಯವರು ಸಾರಿನ ಪಾತ್ರೆಗೆ ಹತ್ತಿರ,
ಬೈಲಕುಪ್ಪೆಯ ಮೂವರು ತಮ್ಮ ಭಾಷೆಯಲ್ಲೇ ನಗುತ್ತ,
ಹಾಡಿಯಿಂದ ಬಂದ ಬೊಮ್ಮಿ ಒಬ್ಬಳೇ ಬಾಗಿಲ ಬಳಿ,
ಯಾವಾಗ ಬೇಕಾದರೂ ಎದ್ದು ಹೋಗುವವಳ ಹಾಗೆ.

ಎರಡನೇ ದಿನ ಅದೇ ಹಳೇ ಆಟ:
ಕಣ್ಣು ಮುಚ್ಚಿ ಹಿಂದಕ್ಕೆ ಬೀಳುವುದು,
ಹಿಂದಿದ್ದವರು ಹಿಡಿಯುವುದು.
ಎಲ್ಲರೂ ಬಿದ್ದರು, ನಕ್ಕರು, ಚಪ್ಪಾಳೆ.
ಬೊಮ್ಮಿ ಬೀಳಲಿಲ್ಲ.
"ನಮ್ಮ ಹಾಡೀಲಿ ಬೆನ್ನ ಹಿಂದೆ ಬರೋದು
ಒಂದೋ ಆನೆ, ಇಲ್ಲಾ ಗಾರ್ಡು" ಅಂದಳು.
ನನ್ನ ಕೈಪಿಡಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.
ಪುಟ ತಿರುವಿದೆ. ತಿರುವುತ್ತಲೇ ಇದ್ದೆ.

ಸಂಜೆ ಬೇರೆ ಪಾಠ ಹೂಡಿದೆ:
ನಿಮಗೆ ಬೇಕೇ ಬೇಕಾದ ಒಂದು ವಸ್ತುವನ್ನು
ನಿಮಗೆ ತೀರಾ ಗೊತ್ತಿಲ್ಲದವರ ಕೈಲಿಡಿ, ಬೆಳಗಿನ ತನಕ.
ಪೆನ್ನು, ಬಾಚಣಿಗೆ, ಬಸ್ ಪಾಸು ಕೈ ಬದಲಾದವು.
ಇರ್ಷಾದ್ ತನ್ನ ಕನ್ನಡಕವನ್ನೇ ಕೊಟ್ಟು
ಗೋಡೆ ತಡವಿಕೊಂಡು ಊಟಕ್ಕೆ ಹೋದ.
ಬೊಮ್ಮಿ ಬ್ಯಾಗಿನ ತಳದಿಂದ
ಒಂದು ಪ್ಲಾಸ್ಟಿಕ್ ಕವರು ತೆಗೆದಳು:
ಅಜ್ಜಿಯ ಹೆಸರಿನ ಕಾಡಿನ ಹಕ್ಕುಪತ್ರ.
ಗುಡಿಸಲಿಗೆ ಬೀಗವಿಲ್ಲವೆಂದು
ಹೋದಲ್ಲೆಲ್ಲ ಹೊತ್ತು ತಿರುಗುವುದು.
ನಿಂಗರಾಜನ ಕೈಗಿಟ್ಟಳು,
ಎರಡು ದಿನದಿಂದ ಅವಳ ಹೆಸರನ್ನೂ ಕೇಳದಿದ್ದ
ಬೆಸಗರಹಳ್ಳಿಯ ಹುಡುಗನ ಕೈಗೆ.

ಆಗ ಚೋಕಿ, ನಿಧಾನದ ಕನ್ನಡದಲ್ಲಿ:
"ಮೇಡಂ, ನೀವು ಏನು ಕೊಟ್ಟಿರಿ? ಯಾರಿಗೆ?"

ನನ್ನ ಸೊಂಟದಲ್ಲಿ ಬೀರುವಿನ ಬೀಗದಕೈ ಇತ್ತು.
ಬೀರುವಿನಲ್ಲಿ ಇಪ್ಪತ್ತಮೂರು ಮೊಬೈಲು,
ಗಮನ ಬೇರೆ ಕಡೆ ಹರಿಯಬಾರದೆಂದು
ಬಂದ ದಿನವೇ ನಾನು ವಸೂಲು ಮಾಡಿದ್ದು.
ಹತ್ತೊಂಬತ್ತು ವರ್ಷ ಈ ಕೆಲಸ ಮಾಡಿದ್ದೇನೆ.
ಬಿಚ್ಚುವಾಗ ಸೆರಗಿನ ನೂಲು ಸಿಕ್ಕಿಕೊಂಡು
ಕೊಂಚ ಹೊತ್ತೇ ಹಿಡಿಯಿತು.
ಚೋಕಿ ಅದನ್ನು ಎರಡೂ ಕೈಯಲ್ಲಿ ತಗೊಂಡಳು.

ರಾತ್ರಿ ನಿದ್ದೆ ಬರಲಿಲ್ಲ, ಒಪ್ಪಿಕೊಳ್ಳುತ್ತೇನೆ.
ಎರಡು ಸಲ ಎದ್ದು ಹೋಗಿ ಬೀರು ನೋಡಿಬಂದೆ.

ಬೆಳಿಗ್ಗೆ ಆರಕ್ಕೇ ನಿಂಗರಾಜ ಮೆಟ್ಟಿಲ ಬಳಿ,
ಕವರು ಎದೆಗವಚಿಕೊಂಡು,
ಮುಖ ಸುಟ್ಟ ಬದನೆಕಾಯಿ.
ಬೊಮ್ಮಿ ಬರುವ ತನಕ ಕಾದು
ತೋರಿಸುವ ಮೊದಲು ಹೇಳಿದ:
"ದಿಂಬಿನಡಿ ಮಡಗಿದ್ದೆ ಕನವ್ವ. ಮನ್ಸು ತಡೀನಿಲ್ಲ,
ಏನ್ ಬರದವ್ರೆ ಅಂತ ತಗದು ಓದ್ತಿದ್ದೆ.
ಟೀ ಚೆಲ್ಬುಡ್ತು. ತಪ್ಪು ನಂದೇಯ."

ಅವಳು ಮೊದಲು ಕಾಗದ ನೋಡಲಿಲ್ಲ,
ಅವನನ್ನು ನೋಡಿದಳು.
"ಪೂರ್ತಿ ಓದಿದ್ಯಾ?"
"ಪೂರ್ತಿ. ಎರಡೆಕರೆ ಅಂತ ಅದೆ."
"ಅಳೆದು ಕೊಟ್ಟಿದ್ದು ಮುಕ್ಕಾಲು."
ಅವನು ಅಲ್ಲೇ ಕುಸಿದು ಕೂತ.
ಅವಳೂ ಕೂತಳು, ಒಂದು ಮೆಟ್ಟಿಲು ಬಿಟ್ಟು.
ಮುಂದಿನ ಮಾತು ನನಗೆ ಕೇಳಿಸಲಿಲ್ಲ,
ಕೇಳಿಸಿಕೊಳ್ಳಲೂ ಹೋಗಲಿಲ್ಲ.

ಹತ್ತಕ್ಕೆ ಅಶೋಕ ರಸ್ತೆ,
ಇರ್ಷಾದನ ಚಿಕ್ಕಪ್ಪನ ಜೆರಾಕ್ಸ್ ಅಂಗಡಿ.
ಕನ್ನಡಕ ವಾಪಸು ಬಂದಿತ್ತು ಅವನಿಗೆ.
ಕಾಗದ ಒರೆಸಿ, ಆರಿಸಿ, ಮಡಿಕೆ ನೀವಿ
ಲ್ಯಾಮಿನೇಶನ್ನಿನ ಬಿಸಿ ಬಾಯಿಗೆ ಮೆಲ್ಲಗೆ ಬಿಟ್ಟ.
"ಕಲೆ ಹೋಗಲ್ಲ, ಒಳಗೇ ಉಳಿಯುತ್ತೆ," ಎಂದ.
"ಇರ್ಲಿ ಬಿಡು," ಅಂದಳು ಬೊಮ್ಮಿ.
"ಅಜ್ಜಿಗೆ ಓದಕ್ಕೆ ಬರಲ್ಲ.
ಕಲೆ ತೋರಿಸಿ ಹೇಳ್ತೀನಿ,
ಒಬ್ಬ ಕೂತು ಓದಿದ ಅಂತ."

ಮಧ್ಯಾಹ್ನ ಊಟಕ್ಕೆ ಮತ್ತೆ ನಾಲ್ಕೇ ಪಂಕ್ತಿ.
ಸಾರಿನ ಪಾತ್ರೆ ಮಾತ್ರ
ಬಾಗಿಲ ಕಡೆಗೆ ಸರಿದಿತ್ತು, ಯಾರು ಸರಿಸಿದರೋ.
ಚೋಕಿಯಿಂದ ಬೀಗದಕೈ ಇಸ್ಕೋಬೇಕು.
ನಾಳೆ ಕೇಳಿದರಾಯಿತು.