ಒಂದುಸಿರಿನ ಲೆಕ್ಕ

ಸಿಟ್ರೇಟ್ ಹರಿದು ಹತ್ತೇ ನಿಮಿಷ,
ಜಿನಮತಿ ಟೀಚರ ಕತ್ತೆಲ್ಲ ದದ್ದು, ತುಟಿ ಊದಿ...
ಯಂತ್ರ ನಿಲ್ಲಿಸಿದೆ.
ನಿಂಬೆಹುಳಿಯ ನಂಟು ಅದು, ಎಂದೆ ಊತ ಇಳಿದ ಮೇಲೆ.
'ಪಾನಕ ಯಾವತ್ತೂ ಹೀಗೆ ಮಾಡಿರಲಿಲ್ಲವಲ್ಲ!'

ಹಾಸನದ ಆಸ್ಪತ್ರೆ, ಎರಡನೇ ಮಹಡಿ.
ಗಂಟೆಗೊಮ್ಮೆ, ಒಂದೇ ಉಸಿರಿಗೆ ಎಣಿಸಿ ಅನ್ನುತ್ತೇನೆ:
ಬೆಳಿಗ್ಗೆ ಇಪ್ಪತ್ತೆರಡು,
ಈಗ ಹದಿನಾಲ್ಕು.

ಹೆಪಾರಿನ್ ಇದೆ ಮೇಡಂ, ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಲು ಬಿಡಲ್ಲ.
'ಯಾವುದರಿಂದ ಮಾಡ್ತಾರೆ?'
ನೀರನ್ನೂ ಬಟ್ಟೆಯಲ್ಲಿ ಸೋಸಿ ಕುಡಿಯುವವರು,
ಹೊತ್ತಿಳಿದರೆ ತುತ್ತು ಮುಟ್ಟದವರು.
ಔಷಧಿ ಅಷ್ಟೇ, ಅಂದು ಸುಮ್ಮನಾಗಬಹುದಿತ್ತು ನಾನು.
ಹಂದಿಯ ಕರುಳಿಂದ, ಎಂದೆ.
ಬೇರೊಂದಿದೆ, ಬೆಂಗಳೂರಿಂದ ಬರಬೇಕು,
ನಾಳೆ ಮಧ್ಯಾಹ್ನ.

'ಮತ್ತೆ ಎಣಿಸಲಾ?'
ಹನ್ನೊಂದಕ್ಕೆ ನಿಂತಿತು.
ಕೆಳಗೆ ಸಕಲೇಶಪುರದ ಬಸ್ಸು ಹಾರ್ನ್ ಹೊಡೆಯಿತು.
ಮೂವತ್ತು ವರ್ಷ ಅಕ್ಷರ ತಿದ್ದಿಸಿದ ಬೆರಳಿಗೆ ಪೆನ್ನು ನಿಲ್ಲದೆ
ಹೆಬ್ಬೆಟ್ಟು ನಾನೇ ಎತ್ತಿ ಒತ್ತಿಸಿದೆ.
ಹಳದಿ ಪ್ಲಾಸ್ಮಾ ಚೀಲಕ್ಕಿಳಿಯುವಷ್ಟು ಹೊತ್ತೂ
ಕಣ್ಣು ಮುಚ್ಚಿಯೇ ಇದ್ದರು.

ಐದನೇ ದಿನ, ಹತ್ತೊಂಬತ್ತು.
ಇನ್ನೊಂದು ಆಗುತ್ತಿತ್ತು ಕಣೇ, ಎಂದರು,
ಅದರ ಪಾಲಿಗೆ ಬಿಟ್ಟೆ.