ತೂತು ಕೊರೆಯುವ ಮುಂಚೆ

ಅಲ್ಯೂಮಿನಿಯಂ ಪೈಪಿಗೆ ತೂತು ಒಂದೇ ಸಲ.
ತಪ್ಪಿದರೆ ಅದು ತಪ್ಪಾಗಿಯೇ ಉಳಿಯುತ್ತದೆ,
ಬೆಸೆದು ಮುಚ್ಚಿದರೂ ಮಚ್ಚೆಯ ಹಾಗೆ.
ಅದಕ್ಕೇ ಡ್ರಿಲ್ಲು ಕೈಯಲ್ಲಿದ್ದರೂ
ನಾನಿನ್ನೂ ಸ್ವಿಚ್ಚು ಹಾಕಿಲ್ಲ.

ಚಿಕ್ಕಮಗಳೂರು, ಕಡೂರು ರಸ್ತೆಯ ಶೆಡ್ಡು, ಸಂಜೆ ಆರೂವರೆ.
ಬಾನೆಟ್ಟಿನ ಕೆಳಗೆ ಮೂರು ತಲೆ:
ಟರ್ಬೊ ಬಲ್ಲ ಶಫೀವುಲ್ಲಾ ಸಾಬರು,
ಗಾಡಿಯ ಯಜಮಾನ ತಿಪ್ಪೇರುದ್ರ,
ಲೇತು ತಿರುಗಿಸುವ ನಾನು, ಫಿಲೋಮಿನಾ.
ನನ್ನ ಅಂಗೈಯಲ್ಲಿ ಸೆನ್ಸರು,
ಮೆಣಸಿನಕಾಳಿನಷ್ಟು ತಲೆ, ಸುತ್ತ ಪ್ಲಾಸ್ಟಿಕ್ಕಿನ ಪಂಜರ.
ಅದು ಹೇಳಬೇಕಾದ್ದು ಇಷ್ಟೇ:
ಒಳಗೆ ಹೋಗುವ ಗಾಳಿ ಎಷ್ಟು ಬಿಸಿ?

ಏರ್ ಫಿಲ್ಟರಿನ ಬಾಯಲ್ಲಿ ಇಡಬಹುದು, ಸುಲಭ.
ಅಲ್ಲಿ ಅದು ಹೇಳುವುದು ಊರಿನ ಹವೆ.
"ಅದಕ್ಕೆ ಸೆನ್ಸರು ಯಾಕಮ್ಮ,
ಸ್ವೆಟರು ಹಾಕ್ಕೊಂಡವರನ್ನ ಕೇಳಿದ್ರೆ ಸಾಕು," ಅಂದರು ಸಾಬರು.
ಟರ್ಬೊ ದಾಟಿದ ತಕ್ಷಣವೋ,
ಗಾಳಿ ಆಗಷ್ಟೇ ಏಟು ತಿಂದು ಬಂದಿರುತ್ತದೆ,
ನೂರರ ಮೇಲೆ ಕುದಿಯುತ್ತಾ.
ಆ ಸಿಟ್ಟಿನಲ್ಲಿ ಆಡಿದ್ದನ್ನು
ಯಾರಾದರೂ ಸಾಕ್ಷಿ ಅಂತ ಬರೆದುಕೊಳ್ಳುತ್ತಾರೆಯೇ?
ಸಮಾಧಾನ ಮಾಡಲಿಕ್ಕೆ ಮುಂದೆ ಇಂಟರ್‌ಕೂಲರು ಇದೆ.

ತಿಪ್ಪೇರುದ್ರ ಹಟ ಹಿಡಿದಿದ್ದು ಮ್ಯಾನಿಫೋಲ್ಡಿಗೆ.
"ಎಂಜಿನ್ನಿಗೆ ಹತ್ತಿರ ಇದ್ದಷ್ಟೂ ಸತ್ಯ."
ಹೋದ ವರ್ಷ ಅಲ್ಲೇ ಹಾಕಿಸಿದ್ದ, ಬೇರೆ ಯಾರ ಕೈಯಲ್ಲೋ,
ಹಿತ್ತಾಳೆ ಮೂತಿಯದ್ದು.
ಅತ್ತಿಗುಂಡಿಯಲ್ಲಿ ನಿಲ್ಲಿಸಿ, ಆಮ್ಲೆಟ್ಟು ತಿಂದು,
ಮತ್ತೆ ಹೊರಟರೆ
ಮಂಜಿನಲ್ಲಿ ಎದುರಿನ ರಸ್ತೆ ಕಾಣದು,
ಪರದೆಯ ಮೇಲೆ ಎಪ್ಪತ್ತೊಂದು ಡಿಗ್ರಿ!
ಕಂಪ್ಯೂಟರು ಹೆದರಿ ಕಿಡಿಯನ್ನು ಹಿಂದಕ್ಕೆಳೆದು
ಏರಿನಲ್ಲಿ ಗಾಡಿ ತೇಕಿತಂತೆ.
ಹಾಲಿನ ವ್ಯಾನೊಂದು ಹಾರ್ನು ಹೊಡೆದು ದಾಟಿತಂತೆ.
ಆ ವ್ಯಾನನ್ನು ಅವನು ಇನ್ನೂ ಮರೆತಿಲ್ಲ.

ಗಾಳಿ ತಣ್ಣಗೇ ಇತ್ತು.
ಕಾದು ಕೂತಿದ್ದು ಲೋಹ.
ತನ್ನ ಬಿಸಿಯನ್ನು ಅದು ಗಾಳಿಯ ತಲೆಗೆ ಕಟ್ಟಿತು.
ಸೆನ್ಸರಿನ ತಪ್ಪೂ ಅಲ್ಲ,
ಒಲೆಯ ಮೇಲೆ ಕೂರಿಸಿ ಚಳಿಯ ಸಮಾಚಾರ ಕೇಳಿದರೆ
ಯಾರು ತಾನೆ ಏನು ಹೇಳಿಯಾರು.

ಅವನು ಒಪ್ಪಲಿಲ್ಲ. ಕಾಫಿ ಕ್ಯೂರಿಂಗ್ ವರ್ಕ್ಸಿನ ನೌಕರ,
ಅಂಗಿ ಕೊಡವಿದರೆ ಪರಚಿನ ಧೂಳು.
ನಾನು ಸುಮ್ಮನೆ ಕೇಳಿದೆ:
ಮೂಟೆ ಬಂದಾಗ ತೇವ ಎಲ್ಲಿ ನೋಡ್ತೀರಣ್ಣ?
"ಹೊಟ್ಟೆಗೆ ಕೊಳವೆ ಚುಚ್ಚಿ," ಅಂದ.
"ಬಾಯಲ್ಲಿರೋದು ಬಿಸಿಲಿಗೆ ಒಣಗಿರತ್ತೆ,
ಬುಡದ್ದು ನೆಲದ ಥಂಡಿ ಹೀರಿರತ್ತೆ,
ಗೋಣಿಗೆ ಒರಗಿದ ಬೀಜ
ಗೋಣಿ ಹೇಳಿದ್ದನ್ನೇ ಹೇಳತ್ತೆ. ನಡುವಿಂದು ಮಾತ್ರ..."
ಅಂದವನು ಅಲ್ಲೇ ನಿಂತ.

ಸಾಬರು ನಗಲಿಲ್ಲ. ನಕ್ಕಿದ್ದರೆ ಕೆಲಸ ಕೆಡುತ್ತಿತ್ತು.
ಕಿವಿಯ ಸಂದಿಯ ಪೆನ್ಸಿಲ್ಲು ತೆಗೆದು ನನ್ನ ಕಡೆ ಚಾಚಿದರು.

ಇಂಟರ್‌ಕೂಲರು ದಾಟಿ,
ಥ್ರಾಟಲ್ಲಿಗೆ ಇನ್ನೊಂದು ಗೇಣು ಇರುವಲ್ಲಿ,
ರೇಡಿಯೇಟರಿನ ಉಸಿರು ತಾಗದ ಮಗ್ಗುಲಿಗೆ
ಗುರುತು ಹಾಕಿದೆ.
ಚೂರು ಒಳಗೆ ಬೀಳಬಾರದೆಂದು ಪೈಪು ಬಿಚ್ಚಿ ತಂದು
ಕೊರೆದೆ. ಬೆಳ್ಳಿ ಸುರುಳಿಗಳು ಚಪ್ಪಲಿ ಮೇಲೆ ಉದುರಿದವು.
ಬುಶ್ಶು ಬೆಸೆದು, ಸೆನ್ಸರು ಕೂರಿಸಿದೆ,
ಹರಿವಿನ ನಡುವಿಗೆ ತಲೆ ಚಾಚುವಷ್ಟು,
ಗೋಡೆಗೆ ಒರಗದಷ್ಟು.

ರಾತ್ರಿ ಕೈಮರದ ತನಕ ಹೋದೆವು.
ಹೊರಗೆ ಹದಿನೆಂಟು. ಪೈಪಿನಲ್ಲಿ ಮೂವತ್ತೊಂದು,
ಏರಿನಲ್ಲಿ ಕಾಲು ಒತ್ತಿದಾಗ ನಲವತ್ನಾಲ್ಕು.
ಬೇಕೆಂದೇ ಎಂಜಿನ್ನು ಆರಿಸಿ
ಹತ್ತು ನಿಮಿಷ ಕತ್ತಲೆ ನೋಡುತ್ತಾ ನಿಂತೆವು.
ಮತ್ತೆ ಹೊರಟಾಗ ಐವತ್ತು ಅಂದಿತು,
ಎರಡನೇ ತಿರುವಿಗೆ ಮೂವತ್ತಮೂರಕ್ಕೆ ಇಳಿಯಿತು.
"ಸುಳ್ಳೇ ತಾಗದ ಜಾಗ ಯಾವ ಪೈಪಲ್ಲೂ ಇಲ್ಲ," ಅಂದರು ಸಾಬರು,
"ಬೇಗ ತಿದ್ಕೊಳ್ಳೋ ಜಾಗ ಇರತ್ತೆ."
ತಿಪ್ಪೇರುದ್ರ ಹಾಲಿನ ವ್ಯಾನು ಹುಡುಕುತ್ತಿದ್ದ.

ಮ್ಯಾನಿಫೋಲ್ಡಿನ ಹಳೆಯ ತೂತಿಗೆ ಬೋಲ್ಟು ಬಿಗಿದಿದ್ದೇನೆ.
ಯಾರೂ ಏನೂ ಕೇಳದಿದ್ದರೂ
ಸುಡುತ್ತಲೇ ಕೂತಿದೆ ಅದು.
ಶೆಡ್ಡಿಗೆ ಬಂದು ವೈರು ನೋಡುವಾಗ ಬೆರಳು ತಾಗಿ
ಅಮ್ಮಾ ಅಂದೆ.
ತಿಪ್ಪೇರುದ್ರ ಟಾರ್ಚು ಹಿಡಿದು ಬಗ್ಗಿ ಕೇಳಿದ:
"ಎಷ್ಟಿದೆ ಡಿಗ್ರಿ?"