ಟ್ರಯಲ್ ರೂಮಿನಲ್ಲಿ ಬಾಬಿನ್

ಹುಳುಕಡ್ಡಿ ಅಂತೀವಲ್ಲ,
ಅದರಲ್ಲಿ ಹುಳುವೂ ಇಲ್ಲ, ಕಡ್ಡಿಯೂ ಇಲ್ಲ.
ಬೂಷ್ಟು, ಅಂದರು ಫರ್ಜಾನಾ ಡಾಕ್ಟರು,
ಉಪ್ಪಿನಕಾಯಿ ಜಾಡಿಯ ಬಾಯಿಗೆ ಬರುತ್ತಲ್ಲ,
ಅದರ ದೂರದ ನೆಂಟ.

ಪಶು ಆಸ್ಪತ್ರೆಯ ಕಿಟಕಿಗೆ ಕರಿ ಪರದೆ ಎಳೆದು
ನೇರಳೆ ದೀಪ ಹಿಡಿದರು.
ಕತ್ತಲಲ್ಲಿ ನನ್ನ ಬಾಬಿನ್ನಿನ ಕಿವಿಯಂಚು
ಸಣ್ಣಗೆ ಹಸಿರು ಹೊತ್ತಿಕೊಂಡಿತು,
ಕೂದಲು ಕೂದಲಿಗೂ ರೇಡಿಯಂ ದಾರ ಪೋಣಿಸಿದ ಹಾಗೆ.
ಎಷ್ಟು ಚೆಂದ ಅಂತ ಬಾಯಿಗೆ ಬಂದದ್ದನ್ನು
ನುಂಗಿಕೊಂಡೆ.

ಎಲ್ಲಿ, ಬಳೆ ಸರಿಸಿ ಅಂದರು.
ಮೂರು ವಾರದಿಂದ ಗಾಜಿನ ಗುರುತು ಅಂದುಕೊಂಡಿದ್ದೆ:
ನಡುವೆ ತಿಳಿ, ಅಂಚು ಕೆಂಪು,
ಕಾಜಾ ಹೊಲಿದಷ್ಟು ಅಚ್ಚುಕಟ್ಟು.
ಇದನ್ನ ನಿಮ್ಮ ಡಾಕ್ಟರಿಗೆ ತೋರಿಸಿ,
ನಾನು ಬೆಕ್ಕಿಗೆ ಮಾತ್ರ.

ಸಾಲಗಾಮೆ ರಸ್ತೆಯ ತಿರುವಿನಲ್ಲಿ ಎಂಟಡಿ ಅಗಲದ ಅಂಗಡಿ,
ಎರಡು ಮಿಷನ್ನು, ಇಸ್ತ್ರಿ ಮೇಜು, ಕನ್ನಡಿ ಅಂಟಿಸಿದ ಟ್ರಯಲ್ ರೂಮು.
ಬೆಕ್ಕನ್ನು ಬೇರೆ ಕೋಣೆಯಲ್ಲಿಡಿ ಅಂದರೆ
ಇನ್ನೆಲ್ಲಿಡಲಿ?
ಮರಳಿನ ತಟ್ಟೆ, ನೀರು, ಒಂದು ಹಳೇ ನೈಟಿ.
ಬಾಗಿಲಿಗೆ ಚೀಟಿ: ಒಳಗೆ ಬೆಕ್ಕಿದೆ.
ಬಂದವರೆಲ್ಲ ನಕ್ಕರು.
ಯಾಕೆ ಅಂತ ಕೇಳಿದವರಿಗಷ್ಟೇ ಹೇಳಿದೆ.
ಮೊದಲ ದಿನ ನನ್ನ ನಿಯತ್ತು ಅಷ್ಟೇ ಉದ್ದ.

ಶಿವಲೀಲಾ ಟೀಚರ ಮಗಳ ಮದುವೆಗೆ ಒಂಬತ್ತು ರವಿಕೆ,
ಮಗ್ಗಂ ಕೆಲಸದ್ದು, ಬಿಸಿನೀರು ತಾಗಿಸುವಂತಿಲ್ಲ.
ಆ ಗಂಟಿನ ಮೇಲೆ ಎರಡು ರಾತ್ರಿ ಮಲಗಿದ್ದು
ನನಗೆ ಗೊತ್ತು, ಬಾಬಿನ್ನಿಗೆ ಗೊತ್ತು.
ಇಸ್ತ್ರಿ ಕಾಯಿಸಿದೆ, ಆರಿಸಿದೆ, ಮತ್ತೆ ಕಾಯಿಸಿದೆ.
ಉದುರಿದ ಒಂದು ಕೂದಲಲ್ಲಿ
ವರ್ಷಕ್ಕೂ ಮೀರಿ ಕಾದು ಕೂರುತ್ತಂತೆ ಅದು,
ಯಾರ ಬೆನ್ನಿಗೋ, ಯಾವ ಕತ್ತಿಗೋ.

ರಾತ್ರಿ ಹತ್ತಕ್ಕೆ ಫೋನು ಮಾಡಿದೆ.
ಬಹಳ ಹೊತ್ತು ಟೀಚರು ಏನೂ ಅನ್ನಲಿಲ್ಲ.
ಆಮೇಲೆ, ನೀನು ಹೇಳದಿದ್ರೆ
ನಂಗೆ ಗೊತ್ತೇ ಆಗ್ತಿರಲಿಲ್ಲ ಕಣೇ, ಅಂದರು.
ಬೈದದ್ದೋ ಹೊಗಳಿದ್ದೋ ಇವತ್ತಿಗೂ ಬಗೆಹರಿದಿಲ್ಲ.
ಒಂಬತ್ತೂ ಡ್ರೈಕ್ಲೀನಿಗೆ ಹೋದವು, ನನ್ನ ಖರ್ಚಲ್ಲಿ.
ಕೈಗೆ ಉಳಿದದ್ದು ಎರಡು ರವಿಕೆಯ ಕೂಲಿ.

ಸೋಮವಾರ, ಗುರುವಾರ ಗಂಧಕದ ಸ್ನಾನ.
ಕೊಳೆತ ಮೊಟ್ಟೆಯ ನಾತಕ್ಕೆ ಪಕ್ಕದಂಗಡಿ ಧರಣೇಶ
ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ಕಬ್ಬು ಅರೆದ.
ತೊಳೆಯಬಾರದು, ಒರೆಸಬಾರದು, ಹಾಗೇ ಆರಬೇಕು.
ಹಳದಿ ಮೆತ್ತಿಕೊಂಡು, ನಡುಗುತ್ತ, ನನ್ನನ್ನೇ ನೋಡಿತು
ಸಾಲ ಕೊಟ್ಟವರ ಹಾಗೆ.
ನನಗೆ ಗ್ಲೌಸು, ತುಂಬುತೋಳಿನ ಶರ್ಟು, ತಲೆಗೆ ಟವೆಲ್ಲು.
ವಾರ ಬಿಟ್ಟು ವಾರ ಬಾಯಿಗೆ ಔಷಧ.
ಆಮೇಲೆ ಬ್ಲೀಚು ನೀರು: ನೆಲ, ಮೇಜು, ಪೆಡಲ್ಲು.
ಪೊರಕೆ ಆಡಿಸಿದರೆ ಹಾರುತ್ತೆ, ಒದ್ದೆ ಬಟ್ಟೆಯೇ ಗತಿ.
ದಿಂಬಿಗೆಂದು ಆರು ತಿಂಗಳು ಕೂಡಿಟ್ಟ ಚಿಂದಿ ಮೂಟೆ
ಬಾಯಿ ಬಿಗಿಸಿಕೊಂಡು ಕಸದ ಗಾಡಿ ಹತ್ತಿತು.

ಬಳೆ ತೆಗೆದಿಟ್ಟು ಮುಲಾಮು ಹಚ್ಚಿಕೊಳ್ಳುತ್ತಿದ್ದೆ.
ಬರಿಗೈ ಕಂಡ ಪುಟ್ಟತಾಯಮ್ಮ ಎದೆ ಹಿಡಿದುಕೊಂಡರು:
ಅಯ್ಯೋ, ಗಂಡನಿಗೇನಾಯ್ತೇ?
ಅವರಿಗಲ್ಲ, ಬೆಕ್ಕಿಗೆ, ಅಂದೆ.

ರಾತ್ರಿ ಬಾಗಿಲಡಿಯ ಸಂದಿಯಿಂದ
ಒಂದು ಪಂಜ ಹೊರಬರುತ್ತಿತ್ತು,
ನೆಲ ತಡವುತ್ತಿತ್ತು.
ಅಳತೆ ಟೇಪಿನ ತುದಿಯನ್ನು ಅದಕ್ಕೆ ತಾಗಿಸುತ್ತಿದ್ದೆ.
ಆಮೇಲೆ ಟೇಪು ಒರೆಸುತ್ತಿದ್ದೆ,
ಒಂದರಿಂದ ಅರವತ್ತರವರೆಗೆ.

ಆರನೇ ವಾರ ಹೊಸ ಟೂತ್‌ಬ್ರಶ್ಶಿನಲ್ಲಿ ಮೈಯೆಲ್ಲ ಬಾಚಿ
ತಟ್ಟೆಗೆ ಒತ್ತಿದರು ಡಾಕ್ಟರು.
ಏನೂ ಮೊಳೆಯಲಿಲ್ಲ.
ವಾಸಿ ಅನ್ನೋದಕ್ಕೆ ಎರಡು ಬರಿದು ತಟ್ಟೆ ಬೇಕಂತೆ.
ಆಲೂಗಡ್ಡೆ ಬಿತ್ತಿದವರೆಲ್ಲ ಮೊಳಕೆಗೆ ಕಾಯುವಾಗ
ಈ ಊರಲ್ಲಿ ಏನೂ ಹುಟ್ಟದಿರಲಿ ಅಂತ
ಹರಕೆ ಕಟ್ಟಿದವಳು ನಾನೊಬ್ಬಳೇ ಇರಬೇಕು.

ಎರಡನೆಯದೂ ಬರಿದು ಅಂದ ಶುಕ್ರವಾರ ಬಾಗಿಲು ತೆಗೆದೆ.
ಬಾಬಿನ್ ಹೊರಗೆ ಬರಲಿಲ್ಲ.
ಕನ್ನಡಿಯೊಳಗಿನ ಬೆಕ್ಕಿಗೆ ಮೈ ಒತ್ತಿಕೊಂಡು ಕೂತಿತ್ತು.
ಇಷ್ಟು ದಿನ ಮುಟ್ಟಲು ಹೆದರದಿದ್ದುದು
ಅದೊಂದೇ.

ಗ್ಲೌಸು ಬಿಚ್ಚಿ, ನಾನೂ ಒಳಗೆ ಹೋಗಿ
ನೆಲದ ಮೇಲೆ ಕೂತೆ.